ತೊಶಿರೊ ಮಿಫುನೆ ಪುನರವಲೋಕನ ಸರಣಿ: ಯಾವ ಚಿತ್ರಗಳು, ಯಾವ ಕ್ರಮದಲ್ಲಿ?

ಚಿತ್ರಸಂಗಾತಿ:

ನಾವು ಕೆಲವರು ಸೇರಿ ನಡೆಸುತ್ತಿರುವ ಒಂದೇ ಪರದೆಯ ಸ್ವತಂತ್ರ ಚಿತ್ರಮಂದಿರದಲ್ಲಿ ಜಪಾನಿನ ನಟ ತೊಶಿರೊ ಮಿಫುನೆ ಅವರ ಚಿತ್ರಗಳ ಪುನರವಲೋಕನ ಸರಣಿಯನ್ನು ಏರ್ಪಡಿಸಲು ನಿಶ್ಚಯಿಸಿದ್ದೇವೆ. ವಾರಕ್ಕೊಂದು ಪ್ರದರ್ಶನದಂತೆ ಹತ್ತು ವಾರಗಳ ಅವಕಾಶವಿದೆ. ಪಟ್ಟಿಯನ್ನು ಅಂತಿಮಗೊಳಿಸುವ ಮೊದಲು ಇಲ್ಲಿನ ಬಲ್ಲವರ ಅಭಿಪ್ರಾಯವನ್ನು ಕೇಳಬೇಕೆಂದು ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ನನ್ನನ್ನು ಕಾಡುತ್ತಿರುವ ವಿಷಯ ಹೀಗಿದೆ. ಅಕಿರಾ ಕುರೊಸಾವಾ ಅವರ ನಿರ್ದೇಶನದಲ್ಲಿ ಮಿಫುನೆ 1948ರಿಂದ 1965ರವರೆಗೆ 16 ಚಿತ್ರಗಳಲ್ಲಿ ನಟಿಸಿದರು. ಆ ಅವಧಿಯ ಕುರೊಸಾವಾ ಚಿತ್ರಗಳಲ್ಲಿ ಮಿಫುನೆ ಕಾಣಿಸಿಕೊಳ್ಳದಿರುವುದು 1952ರ ‘ಇಕಿರು’ ಒಂದರಲ್ಲಿ ಮಾತ್ರ. ಈ 16ರಲ್ಲಿ ಹೆಸರಾಂತ ಹತ್ತನ್ನು ಆಯ್ದುಕೊಂಡರೆ ಸರಣಿ ಯಾವ ಶ್ರಮವೂ ಇಲ್ಲದೆ ಸಿದ್ಧವಾಗುತ್ತದೆ, ಆಸನಗಳೂ ತುಂಬುತ್ತವೆ. ಆದರೆ ಅಂಥ ಸರಣಿಯನ್ನು ನೋಡಿ ಹೊರಬಂದವರು ಒಬ್ಬ ದೊಡ್ಡ ನಿರ್ದೇಶಕನ ಬಗ್ಗೆ ಮಾತನಾಡುತ್ತಾರೆಯೇ ಹೊರತು ನಟನ ಬಗ್ಗೆ ಮಾತನಾಡುವುದಿಲ್ಲ. ನಟನೊಬ್ಬನ ಹೆಸರಿನಲ್ಲಿ ಸರಣಿ ಮಾಡಿದ ಮೇಲೆ ಪ್ರೇಕ್ಷಕರ ಕಣ್ಣು ಅವನ ಕೆಲಸದ ಮೇಲೆ ನಿಲ್ಲುವಂತೆ ಚಿತ್ರಗಳನ್ನು ಜೋಡಿಸುವುದು ನಮ್ಮ ಹೊಣೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಸದ್ಯದ ಕರಡು ಪಟ್ಟಿಯಲ್ಲಿ ‘ಡ್ರಂಕನ್ ಏಂಜೆಲ್’, ‘ರಾಶೊಮಾನ್’, ‘ಸೆವೆನ್ ಸಮುರಾಯ್’, ‘ಐ ಲಿವ್ ಇನ್ ಫಿಯರ್’, ‘ಥ್ರೋನ್ ಆಫ್ ಬ್ಲಡ್’, ‘ದಿ ರಿಕ್ಷಾ ಮ್ಯಾನ್’, ‘ಯೊಜಿಂಬೊ’, ‘ಹೈ ಆಂಡ್ ಲೋ’, ‘ರೆಡ್ ಬಿಯರ್ಡ್’ ಮತ್ತು ‘ಸಮುರಾಯ್ ರೆಬೆಲಿಯನ್’ ಇವೆ. ಇವುಗಳಲ್ಲಿ ಕುರೊಸಾವಾ ಅವರವು ಎಂಟು. ಇದು ನನಗೂ ಹೆಚ್ಚೆನಿಸುತ್ತದೆ, ಆದರೆ ಯಾವುದನ್ನು ಕೈಬಿಡುವುದೆಂದು ತೋಚುತ್ತಿಲ್ಲ.

ಒಂದು ವಿಷಯದಲ್ಲಿ ಮಾತ್ರ ನನ್ನ ಮನಸ್ಸು ಸ್ಪಷ್ಟವಾಗಿದೆ. ಮೊದಲ ವಾರ ಖಡ್ಗ ಹಿಡಿದ ಮಿಫುನೆ ಬೇಡ. 1948ರ ‘ಡ್ರಂಕನ್ ಏಂಜೆಲ್’ ಮತ್ತು 1955ರ ‘ಐ ಲಿವ್ ಇನ್ ಫಿಯರ್’ ಚಿತ್ರಗಳನ್ನು ಒಂದೇ ದಿನ ಒಂದರ ಹಿಂದೆ ಒಂದರಂತೆ ತೋರಿಸಬೇಕು. ಎರಡೂ ನೂರು ನಿಮಿಷಗಳ ಆಸುಪಾಸಿನ ಚಿತ್ರಗಳು. ಮೊದಲನೆಯದರಲ್ಲಿ ಅವರು ಕ್ಷಯ ಹಿಡಿದ ಯುವ ರೌಡಿ. ದೇಹ ಒಳಗಿನಿಂದ ಕುಸಿಯುತ್ತಿದ್ದರೂ ಹೆಗಲನ್ನು ಬಿಗಿದು, ಹ್ಯಾಟನ್ನು ಓರೆಮಾಡಿಕೊಂಡು ನಡೆಯುತ್ತಾನೆ. ಎರಡನೆಯದರಲ್ಲಿ ಅಣುಬಾಂಬಿನ ಭಯದಿಂದ ಇಡೀ ಕುಟುಂಬವನ್ನು ಬ್ರೆಜಿಲ್‌ಗೆ ಕರೆದೊಯ್ಯಲು ಹಟ ಹಿಡಿದ, ಎಪ್ಪತ್ತರ ಅಂಚಿನ ಕಾರ್ಖಾನೆ ಮಾಲೀಕ. ಆ ಮುದುಕನ ಪಾತ್ರ ಮಾಡುವಾಗ ಮಿಫುನೆ ಅವರಿಗೆ 35 ವರ್ಷ. ದಪ್ಪ ಕನ್ನಡಕ, ಬಾಗಿದ ಬೆನ್ನು, ಅಸಹನೆಯಿಂದ ಬೀಸಿಕೊಳ್ಳುವ ಬೀಸಣಿಗೆ ಇವೆಲ್ಲ ಹೊರಗಿನ ಸಲಕರಣೆಗಳು. ನಿಜವಾದ ಕೆಲಸ ಇರುವುದು ಆ ಮುದುಕನ ಕೋಪದಲ್ಲಿ, ಸುತ್ತಲಿನವರು ತನ್ನ ಮಾತನ್ನು ಕೇಳಿಸಿಕೊಳ್ಳುತ್ತಿಲ್ಲವೆಂದು ತಿಳಿದಾಗ ಅವನ ದೇಹ ಎಷ್ಟು ಬಿಗಿಯುತ್ತದೆ ಎಂಬುದರಲ್ಲಿ. ಈ ಎರಡನ್ನೂ ಒಂದೇ ದಿನ ನೋಡಿದವರು ಉಳಿದ ಒಂಬತ್ತು ವಾರ ಬೇರೆಯ ಕಣ್ಣಿನಿಂದ ನೋಡುತ್ತಾರೆ ಎಂಬುದು ನನ್ನ ಭರವಸೆ.

ಹಳೆಯರೀಲು:

ಸರಣಿಯ ವಿಚಾರ ಕೇಳಿ ಬಹಳ ಸಂತೋಷವಾಯಿತು. ಆದರೆ ನಿರ್ದೇಶಕನನ್ನು ಹಿಂದಕ್ಕೆ ಸರಿಸಿ ನಟನನ್ನು ಮುಂದಕ್ಕೆ ತರಬೇಕೆಂಬ ನಿಮ್ಮ ಹವಣಿಕೆಯ ಬಗ್ಗೆ ನನಗೆ ಅನುಮಾನವಿದೆ. ಈ ಇಬ್ಬರನ್ನು ಬೇರ್ಪಡಿಸಿ ನೋಡಲು ಬರುವುದಿಲ್ಲ.

ಮಿಫುನೆ ನಟನಾಗಬೇಕೆಂದು ಬಂದವರೇ ಅಲ್ಲ. ಅವರು 1920ರಲ್ಲಿ ಚೀನಾದ ಚಿಂಗ್‌ಡಾವ್‌ನಲ್ಲಿ ಜಪಾನಿ ದಂಪತಿಗಳ ಮಗನಾಗಿ ಹುಟ್ಟಿದರು. ತಂದೆ ಛಾಯಾಗ್ರಾಹಕರು. ಯುದ್ಧಕಾಲದಲ್ಲಿ ಸೇನೆಯ ವೈಮಾನಿಕ ಛಾಯಾಗ್ರಹಣ ವಿಭಾಗದಲ್ಲಿದ್ದ ಮಿಫುನೆ, ಯುದ್ಧ ಮುಗಿದ ಮೇಲೆ ತೊಹೊ ಸ್ಟುಡಿಯೊದಲ್ಲಿ ಕ್ಯಾಮೆರಾ ಸಹಾಯಕನ ಕೆಲಸ ಸಿಗಬಹುದೆಂಬ ಆಸೆಯಿಂದ ಹೋದವರು. 1946ರಲ್ಲಿ ಅಲ್ಲಿ ನಡೆದ ಹೊಸಮುಖಗಳ ಆಯ್ಕೆಗೆ ಅವರು ಹಾಜರಾಗಬೇಕಾಯಿತು. ಕೋಪವನ್ನು ಅಭಿನಯಿಸಿ ತೋರಿಸಿ ಎಂದಾಗ ಅವರು ಕೋಣೆಯೆಲ್ಲ ಅಲ್ಲೋಲಕಲ್ಲೋಲವಾಗುವಂತೆ ಅಬ್ಬರಿಸಿದ್ದನ್ನು ನಟಿ ಹಿದೆಕೊ ತಕಮಿನೆ ಅವರು ಹೇಳಿದ ಮೇಲೆ ಹೋಗಿ ಕಂಡೆ ಎಂದು ಕುರೊಸಾವಾ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ತೀರ್ಪುಗಾರರಲ್ಲಿ ಹಲವರಿಗೆ ಆ ಒರಟುತನ ಹಿಡಿಸಲಿಲ್ಲ. ಹಿರಿಯ ನಿರ್ದೇಶಕ ಕಾಜಿರೊ ಯಾಮಾಮೊತೊ ಅವರು ಪಟ್ಟು ಹಿಡಿದಿದ್ದರಿಂದ ಮಿಫುನೆ ಉಳಿದುಕೊಂಡರು. ಆ ಒರಟು ಶಕ್ತಿಯನ್ನು ಗುರುತಿಸಿ ಅದಕ್ಕೆ ತಕ್ಕ ಪಾತ್ರಗಳನ್ನು ಕಡೆದು ಕೊಟ್ಟವರು ಕುರೊಸಾವಾ. ಹಾಗಿರುವಾಗ ಎಂಟು ಚಿತ್ರಗಳು ಹೆಚ್ಚಾಗುವುದು ಹೇಗೆ?

ಅದೇ ಪುಸ್ತಕದಲ್ಲಿ ಇನ್ನೊಂದು ಮಾತಿದೆ. ಒಂದು ಭಾವವನ್ನು ಮುಟ್ಟಿಸಲು ಸಾಮಾನ್ಯ ನಟನಿಗೆ ಹತ್ತು ಅಡಿ ಫಿಲ್ಮ್ ಬೇಕಾದರೆ ಮಿಫುನೆ ಅವರಿಗೆ ಮೂರು ಅಡಿ ಸಾಕಾಗುತ್ತಿತ್ತು ಎಂಬರ್ಥದ ಮಾತು. ಇಷ್ಟು ಖಚಿತವಾಗಿ ಒಬ್ಬ ನಟನನ್ನು ಅಳೆದು ಅರಿತ ನಿರ್ದೇಶಕ ಇನ್ನೊಬ್ಬರು ಸಿಗುವುದು ಕಷ್ಟ.

ಯಂತ್ರಕೋಣೆ:

ಪ್ರೊಜೆಕ್ಟರ್ ನಡೆಸುವವನಾಗಿ ಆ ಮಾತಿಗೆ ಒಂದು ಲೆಕ್ಕವನ್ನು ಸೇರಿಸುತ್ತೇನೆ. 35 ಮಿ.ಮೀ. ಫಿಲ್ಮಿನ ಒಂದು ಅಡಿಯಲ್ಲಿ 16 ಚೌಕಟ್ಟುಗಳಿರುತ್ತವೆ ಮತ್ತು ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಹತ್ತು ಅಡಿ ಎಂದರೆ ಆರೂವರೆ ಸೆಕೆಂಡಿಗೆ ತುಸು ಹೆಚ್ಚು. ಮೂರು ಅಡಿ ಎಂದರೆ ಸರಿಯಾಗಿ ಎರಡು ಸೆಕೆಂಡು. ಇದನ್ನು ತಿಳಿದು ‘ಯೊಜಿಂಬೊ’ ನೋಡಿ. ಭುಜವನ್ನೊಮ್ಮೆ ಕೊಡವಿ, ಕಿಮೊನೊದೊಳಗಿನಿಂದ ಕೈ ಹೊರತೆಗೆದು ಗಡ್ಡ ಕೆರೆದುಕೊಳ್ಳುವಷ್ಟರಲ್ಲಿ ಮಿಫುನೆ ಅವರ ಪಾತ್ರ ಒಂದು ನಿರ್ಧಾರಕ್ಕೆ ಬಂದಿದೆ ಎಂಬುದು ನಮಗೆ ಗೊತ್ತಾಗಿಬಿಟ್ಟಿರುತ್ತದೆ.

ಪ್ರದರ್ಶನದ ವಿಷಯದಲ್ಲಿ ಮೂರು ಎಚ್ಚರಿಕೆಗಳನ್ನು ಈಗಲೇ ಹೇಳಬೇಕು. ಕುರೊಸಾವಾ ಅಗಲ ಪರದೆಗೆ ಬಂದದ್ದು 1958ರ ‘ದಿ ಹಿಡನ್ ಫೋರ್ಟ್ರೆಸ್’ ಚಿತ್ರದಿಂದ. ಅದಕ್ಕಿಂತ ಹಿಂದಿನ ಚಿತ್ರಗಳೆಲ್ಲ ಹೆಚ್ಚುಕಡಿಮೆ ಚೌಕಾಕಾರದ, ಅಂದರೆ ಅಗಲವು ಎತ್ತರದ 1.37 ಪಟ್ಟಿರುವ ಅನುಪಾತದವು. ನಿಮ್ಮಲ್ಲಿ ಪ್ರಿಂಟ್ ಬಂದಾಗ ಪ್ರೊಜೆಕ್ಟರಿನ ಬೆಳಕಿನ ಕಿಂಡಿಯಲ್ಲಿ ಇನ್ನೂ ಅಗಲದ ಚಿತ್ರಗಳಿಗೆ ಹಾಕುವ 1.85ರ ಗೇಟ್ ಪ್ಲೇಟನ್ನೇ ಬಿಟ್ಟರೆ ಚಿತ್ರದ ಮೇಲೂ ಕೆಳಗೂ ಕತ್ತರಿಸಿ ಹೋಗುತ್ತದೆ. ‘ಸೆವೆನ್ ಸಮುರಾಯ್’ನಲ್ಲಿ ಮಿಫುನೆ ಅವರ ಪಾತ್ರವಾದ ಕಿಕುಚಿಯೊ ಬರಿಗಾಲಿನಲ್ಲಿ ನಿಂತು, ಕೂತು, ಜಿಗಿದು ಮಾಡುವ ಅಭಿನಯದ ಅರ್ಧ ಇರುವುದೇ ಕಾಲುಗಳಲ್ಲಿ. ಆ ಕಾಲುಗಳನ್ನು ಕತ್ತರಿಸಿ ನಟನ ಸರಣಿ ಮಾಡಲಾಗದು. ಡಿಸಿಪಿ, ಅಂದರೆ ಚಿತ್ರಮಂದಿರಗಳಿಗೆ ಬರುವ ಡಿಜಿಟಲ್ ಪ್ರತಿ ಆದರೆ ಕತ್ತರಿಯ ಭಯವಿಲ್ಲ, ಆದರೆ ಪಕ್ಕದ ಕಪ್ಪು ಪಟ್ಟಿಗಳು ಬೂದು ಬೂದಾಗಿ ಕಾಣದಂತೆ ಪರದೆಯ ಅಂಚಿನ ಕಪ್ಪು ಬಟ್ಟೆಯನ್ನು ಒಳಕ್ಕೆ ಎಳೆಯಬೇಕು. ಅಂಥ ಬಟ್ಟೆಯ ಏರ್ಪಾಡು ನಿಮ್ಮಲ್ಲಿದೆಯೇ?

ಎರಡನೆಯದು ಉದ್ದದ ಪ್ರಶ್ನೆ. ‘ಸೆವೆನ್ ಸಮುರಾಯ್’ 207 ನಿಮಿಷ, ‘ರೆಡ್ ಬಿಯರ್ಡ್’ 185 ನಿಮಿಷ. ಎರಡಕ್ಕೂ ನಿರ್ದೇಶಕರೇ ಇಟ್ಟ ಮಧ್ಯಂತರವಿದೆ. ಅದು ಬಂದಲ್ಲೇ ದೀಪ ಹಾಕಬೇಕು, ನಮ್ಮ ಅನುಕೂಲಕ್ಕೆ ಬೇರೆಲ್ಲೋ ನಿಲ್ಲಿಸಬಾರದು. 207 ನಿಮಿಷದ ಚಿತ್ರವೆಂದರೆ ಹದಿನೆಂಟೂವರೆ ಸಾವಿರ ಅಡಿಗೂ ಮೀರಿದ ಫಿಲ್ಮ್. ಸಂಗ್ರಹಾಲಯಗಳು ರೀಲುಗಳನ್ನು ಅಂಟಿಸಿ ಒಂದಾಗಿ ಓಡಿಸಲು ಸಾಮಾನ್ಯವಾಗಿ ಒಪ್ಪುವುದಿಲ್ಲ, ಹಾಗಾಗಿ ಒಂದು ರೀಲು ಮುಗಿದೊಡನೆ ಮುಂದಿನದನ್ನು ಓಡಿಸಲು ಎರಡು ಪ್ರೊಜೆಕ್ಟರ್‌ಗಳು ಬೇಕಾಗುತ್ತವೆ.

ಮೂರನೆಯದು ಡಿಸಿಪಿಯ ಬೀಗ ತೆರೆಯುವ ಡಿಜಿಟಲ್ ಕೀಲಿ. ಅದು ಒಂದು ನಿರ್ದಿಷ್ಟ ಸರ್ವರಿಗೆ, ನಿರ್ದಿಷ್ಟ ದಿನಗಳಿಗೆ ಮಾತ್ರ ತೆರೆಯುತ್ತದೆ. ಪರೀಕ್ಷಾ ಪ್ರದರ್ಶನದ ದಿನವೂ ಆ ಅವಧಿಯೊಳಗೆ ಬರುವಂತೆ ವಿತರಕರನ್ನು ಕೇಳಿಕೊಳ್ಳಿ.

ನೆರಳುನೋಟ:

ಹಳೆಯರೀಲು ಅವರ ಮಾತನ್ನು ಗೌರವದಿಂದಲೇ ವಿರೋಧಿಸುತ್ತೇನೆ. ಕುರೊಸಾವಾ ಮಿಫುನೆ ಅವರನ್ನು ಕಡೆದರು ಎಂಬ ಮಾತು ಎಷ್ಟು ಸಲ ಕೇಳಿಬರುತ್ತದೆಯೆಂದರೆ, ಬೇರೆ ನಿರ್ದೇಶಕರ ಕೈಯಲ್ಲಿ ಆ ನಟ ಏನು ಮಾಡಿದರು ಎಂದು ನೋಡುವ ತಾಳ್ಮೆಯೇ ನಮ್ಮಲ್ಲಿ ಉಳಿದಿಲ್ಲ. ಮೊದಲ ಚಿತ್ರವಾದ 1947ರ ‘ಸ್ನೋ ಟ್ರೇಲ್’ ನಿರ್ದೇಶಿಸಿದವರು ಸೆಂಕಿಚಿ ತಾನಿಗುಚಿ. 1952ರಲ್ಲಿ ಮಿಜೊಗುಚಿ ಅವರ ‘ದಿ ಲೈಫ್ ಆಫ್ ಒಹಾರು’ ಚಿತ್ರದಲ್ಲಿ ಸಣ್ಣ ಪಾತ್ರವಿದೆ. ಹಿರೊಶಿ ಇನಾಗಾಕಿ ಅವರೊಂದಿಗೆ ಒಂದು ದೊಡ್ಡ ಸಾಲೇ ಇದೆ.

ನನ್ನ ಮೊದಲ ಬೇಡಿಕೆ ಮಿಕಿಯೊ ನರುಸೆ ಅವರ 1956ರ ‘ಎ ವೈಫ್ಸ್ ಹಾರ್ಟ್’. ಅದರಲ್ಲಿ ಮಿಫುನೆ ಬ್ಯಾಂಕಿನ ನೌಕರ. ಖಡ್ಗವಿಲ್ಲ, ಕೂಗಾಟವಿಲ್ಲ, ಓಟವಿಲ್ಲ. ಸಾಲಕ್ಕಾಗಿ ಬರುವ ಗೃಹಿಣಿಯ ಮೇಲೆ, ಹೇಳಿಕೊಳ್ಳಲಾಗದ ಒಲವೊಂದು ಮೂಡುತ್ತದೆ. ಆ ಗೃಹಿಣಿಯಾಗಿ ನಟಿಸಿರುವವರು ಹಿದೆಕೊ ತಕಮಿನೆ, ಅಂದರೆ ಹತ್ತು ವರ್ಷಗಳ ಹಿಂದೆ ಆ ಆಯ್ಕೆಯ ದಿನ ಮಿಫುನೆ ಅವರ ಅಬ್ಬರವನ್ನು ಕಂಡು ಕುರೊಸಾವಾ ಅವರಿಗೆ ತಿಳಿಸಿದವರೇ. ಅದೇ ಅಬ್ಬರದ ಮನುಷ್ಯ ಇಲ್ಲಿ ಅವರೆದುರು ಸುಮ್ಮನೆ ನಿಂತು ಮಾತನ್ನು ನುಂಗಿಕೊಳ್ಳುತ್ತಾನೆ. ಆಂಗಿಕದಲ್ಲಿ, ಅಂದರೆ ದೇಹದ ಅಭಿನಯದಲ್ಲಿ ಸಮರ್ಥನಾದ ನಟ ಸಾತ್ವಿಕದಲ್ಲೂ, ಅಂದರೆ ಒಳಗಿನ ಭಾವದ ಅಭಿನಯದಲ್ಲೂ ಅಷ್ಟೇ ಸಮರ್ಥನೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

‘ದಿ ರಿಕ್ಷಾ ಮ್ಯಾನ್’ ಪಟ್ಟಿಯಲ್ಲಿರುವುದು ಸಮಾಧಾನದ ವಿಷಯ. 1958ರಲ್ಲಿ ವೆನಿಸ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯಾದ ಗೋಲ್ಡನ್ ಲಯನ್ ಪಡೆದ ಈ ಚಿತ್ರ, ಇನಾಗಾಕಿ ತಮ್ಮದೇ 1943ರ ಚಿತ್ರವನ್ನು ಮತ್ತೆ ಮಾಡಿದ್ದು. ಹಳೆಯದಕ್ಕೆ ಯುದ್ಧಕಾಲದ ಸೆನ್ಸಾರ್ ಕತ್ತರಿ ಬಿದ್ದಿತ್ತು. ಓದುಬರಹ ಬಾರದ ರಿಕ್ಷಾ ಎಳೆಯುವವ, ತೀರಿಕೊಂಡ ಸೇನಾಧಿಕಾರಿಯ ಹೆಂಡತಿಯನ್ನೂ ಮಗನನ್ನೂ ವರ್ಷಗಟ್ಟಲೆ ನೋಡಿಕೊಳ್ಳುತ್ತಾನೆ, ತನ್ನ ಪ್ರೀತಿಯನ್ನು ಹೇಳುವ ಯೋಗ್ಯತೆ ತನಗಿಲ್ಲವೆಂದು ನಂಬಿರುತ್ತಾನೆ. ಹಬ್ಬದ ದಿನ ಅವನು ತೇರನ್ನೇರಿ ಡೋಲು ಬಾರಿಸುವ ಭಾಗವನ್ನು ಗಮನಿಸಿ. ಮೊದಲು ಲಯವನ್ನು ತೋರಿಸಿಕೊಡುವ ಹುಮ್ಮಸ್ಸಿದೆ. ಬಡಿತ ವೇಗವಾದಂತೆ ಮುಖದಲ್ಲಿನ ನಗು ಕರಗಿ, ತೋಳುಗಳು ಮಾತ್ರ ಮಾತನಾಡತೊಡಗುತ್ತವೆ. ಬಾಯಿಬಿಟ್ಟು ಹೇಳಲಾಗದ್ದೆಲ್ಲ ಆ ಡೋಲಿನಲ್ಲಿ ಹೊರಬರುತ್ತದೆ. ಅಲ್ಲಿಯೂ ವಿಧವೆಯ ಪಾತ್ರದಲ್ಲಿ ತಕಮಿನೆ ಅವರೇ ಇದ್ದಾರೆ. ಈ ಎರಡು ಚಿತ್ರಗಳೂ ಸರಣಿಯಲ್ಲಿದ್ದರೆ ಒಂದಕ್ಕೊಂದು ಕನ್ನಡಿ ಹಿಡಿದಂತಾಗುತ್ತದೆ.

‘ಎ ವೈಫ್ಸ್ ಹಾರ್ಟ್’ಗೆ ಜಾಗ ಮಾಡಲು ‘ರಾಶೊಮಾನ್’ ಕೈಬಿಡಿ. ಅದು ಯಾವ ನೆಪದಲ್ಲಾದರೂ ಮತ್ತೆ ಮತ್ತೆ ತೆರೆಗೆ ಬರುವ ಚಿತ್ರ.

ಮೊದಲಸಾಲು:

ನಾನು ಮಿಫುನೆ ಅವರನ್ನು ಮೊದಲು ನೋಡಿದ್ದು ‘ರಾಶೊಮಾನ್’ನಲ್ಲಿ. ಅದನ್ನು ಕೈಬಿಡುವುದು ನನ್ನಂಥ ಹೊಸ ಪ್ರೇಕ್ಷಕರಿಗೆ ನಷ್ಟವಲ್ಲವೇ? ಆ ದರೋಡೆಕೋರನ ನಗು, ಮೈಮೇಲೆ ಕೂತ ಹುಳುವನ್ನು ಹೊಡೆಯುವ ಬಗೆ, ಇವೇ ನನ್ನನ್ನು ಅವರ ಬೇರೆ ಚಿತ್ರಗಳತ್ತ ಕರೆದೊಯ್ದವು. ಇನ್ನೊಂದು ಪ್ರಶ್ನೆ: ಸಬ್‌ಟೈಟಲ್ ಓದುತ್ತಾ ಕೂತರೆ ಕಣ್ಣು ಪರದೆಯ ಬುಡದಲ್ಲೇ ಉಳಿದು ಮುಖ ತಪ್ಪಿಹೋಗುತ್ತದೆ. ನಟನನ್ನು ನೋಡಲು ಬಂದವರಿಗೆ ಇದಕ್ಕೇನಾದರೂ ಪರಿಹಾರವಿದೆಯೇ?

ಹಳೆಯರೀಲು:

ಮೊದಲಸಾಲು ಅವರೇ, ಆ ದರೋಡೆಕೋರನ ಹಿಂದೆ ಒಂದು ಸಿಂಹವಿದೆ. ಚಿತ್ರೀಕರಣದ ಸಮಯದಲ್ಲಿ ತಂಡದವರು ಆಫ್ರಿಕಾದ ಪ್ರವಾಸಚಿತ್ರವೊಂದನ್ನು ನೋಡಿದರಂತೆ. ಅದರಲ್ಲಿ ಸಿಂಹ ಕಾಣಿಸಿಕೊಂಡಾಗ, ದರೋಡೆಕೋರ ತಾಜೊಮಾರು ಹೀಗಿರಬೇಕು ಎಂದು ಕುರೊಸಾವಾ ಮಿಫುನೆ ಅವರಿಗೆ ತೋರಿಸಿದರು.

‘ಎ ವೈಫ್ಸ್ ಹಾರ್ಟ್’ ಬಗ್ಗೆ ನೆರಳುನೋಟ ಅವರು ಹೇಳಿದ್ದನ್ನು ಒಪ್ಪುತ್ತೇನೆ, ಅದು ಬರಲಿ. ಆದರೆ ‘ಥ್ರೋನ್ ಆಫ್ ಬ್ಲಡ್’ ಮುಟ್ಟಬೇಡಿ. ಅದರಲ್ಲಿ ನಟರಿಗೆ ‘ನೋ’ ಎಂಬ ಜಪಾನಿನ ಸಾಂಪ್ರದಾಯಿಕ ರಂಗಭೂಮಿಯ ಒಂದೊಂದು ಮುಖವಾಡದ ಚಿತ್ರವನ್ನು ಕೊಟ್ಟು ನಿಮ್ಮ ಪಾತ್ರ ಇದು ಎಂದಿದ್ದರು ಕುರೊಸಾವಾ. ಮಿಫುನೆ ಅವರಿಗೆ ಸಿಕ್ಕಿದ್ದು ಹೇಯ್ದಾ ಎಂಬ ಯೋಧನ ಮುಖವಾಡ. ಎಲ್ಲೂ ನಿಲ್ಲದ ಈ ನಟ ಅಲ್ಲಿ ಗಂಟೆಗೂ ಹೆಚ್ಚು ಕಾಲ ಒಂದು ಕಟ್ಟುನಿಟ್ಟಿನ ಚೌಕಟ್ಟಿನೊಳಗೆ ಇದ್ದು, ಕೊನೆಯಲ್ಲಿ ಬಾಣಗಳ ಮಳೆಗೆ ಸಿಕ್ಕಾಗ ಆ ಚೌಕಟ್ಟು ಒಡೆದು ಚೂರಾಗುತ್ತದೆ. ಆ ದೃಶ್ಯದಲ್ಲಿ ಬಿಲ್ಲುಗಾರರು ಬಿಟ್ಟ ನಿಜವಾದ ಬಾಣಗಳಿದ್ದವು. ಕಣ್ಣಲ್ಲಿ ಕಾಣುವ ಭೀತಿಯಲ್ಲಿ ಅಭಿನಯವೆಷ್ಟು, ನಿಜವೆಷ್ಟು ಎಂದು ಹೇಳುವುದು ಕಷ್ಟ. ಇದು ನಟನ ಸರಣಿಗೆ ಬೇಡವಾದರೆ ಇನ್ನಾವುದು ಬೇಕು?

ನೆರಳುನೋಟ:

‘ಥ್ರೋನ್ ಆಫ್ ಬ್ಲಡ್’ ಇರಲಿ, ಅದಕ್ಕೆ ನನ್ನ ತಕರಾರಿಲ್ಲ. ನನ್ನ ಎರಡನೆಯ ಬೇಡಿಕೆ ಜಾನ್ ಬೂರ್ಮನ್ ಅವರ 1968ರ ‘ಹೆಲ್ ಇನ್ ದಿ ಪೆಸಿಫಿಕ್’.

ಹೊರದೇಶದ ಚಿತ್ರಗಳಲ್ಲಿ ಮಿಫುನೆ ಅವರಿಗೆ ಆದ ದೊಡ್ಡ ಅನ್ಯಾಯ ಅವರ ದನಿಯನ್ನು ಕಿತ್ತುಕೊಂಡದ್ದು. 1966ರ ‘ಗ್ರ್ಯಾಂಡ್ ಪ್ರಿ’ಯಲ್ಲಿಯೂ 1976ರ ‘ಮಿಡ್‌ವೇ’ಯಲ್ಲಿಯೂ ಅವರ ಇಂಗ್ಲಿಷ್ ಮಾತುಗಳನ್ನು ಪಾಲ್ ಫ್ರೀಸ್ ಎಂಬ ಬೇರೊಬ್ಬ ಕಲಾವಿದರು ಡಬ್ ಮಾಡಿದರು. ಗಂಟಲಿನ ಆಳದಿಂದ ಗುಡುಗಿ ಮೇಲೆ ಬರುವ ಆ ದನಿ ಇಲ್ಲದ ಮಿಫುನೆ ಅರ್ಧ ಮಿಫುನೆ. ‘ಹೆಲ್ ಇನ್ ದಿ ಪೆಸಿಫಿಕ್’ನಲ್ಲಿ ಹಾಗಾಗಲಿಲ್ಲ. ನಿರ್ಜನ ದ್ವೀಪದಲ್ಲಿ ಒಬ್ಬ ಜಪಾನಿ, ಒಬ್ಬ ಅಮೆರಿಕನ್. ಇಡೀ ಚಿತ್ರದಲ್ಲಿ ಇರುವವರು ಮಿಫುನೆ ಮತ್ತು ಲೀ ಮಾರ್ವಿನ್ ಇಬ್ಬರೇ. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲೇ ಮಾತನಾಡುತ್ತಾರೆ, ಒಬ್ಬರದು ಇನ್ನೊಬ್ಬರಿಗೆ ಅರ್ಥವಾಗುವುದಿಲ್ಲ. ನಟರಿಬ್ಬರೂ ನಿಜವಾಗಿಯೂ ಎರಡನೆಯ ಮಹಾಯುದ್ಧದಲ್ಲಿ ಎದುರು ಪಾಳೆಯಗಳಲ್ಲಿ ಇದ್ದವರೇ. ಮಾರ್ವಿನ್ 1944ರಲ್ಲಿ ಸೈಪಾನ್ ದ್ವೀಪದ ಕದನದಲ್ಲಿ ಗಾಯಗೊಂಡಿದ್ದರು. ಮೊದಲಸಾಲು ಅವರ ಪ್ರಶ್ನೆಗೂ ಇದರಲ್ಲೇ ಒಂದು ಉತ್ತರವಿದೆ: ಈ ಚಿತ್ರವನ್ನು ಸಬ್‌ಟೈಟಲ್ ಇಲ್ಲದೆ ನೋಡಬೇಕು, ಅದು ರೂಪುಗೊಂಡದ್ದೇ ಹಾಗೆ.

ಚಿತ್ರಸಂಗಾತಿ:

ಎಲ್ಲರಿಗೂ ಕೃತಜ್ಞತೆಗಳು. ಇಷ್ಟು ತಿಳಿವಳಿಕೆಯ ಉತ್ತರಗಳು ಬರುತ್ತವೆಂದು ನಿರೀಕ್ಷಿಸಿರಲಿಲ್ಲ.

ಯಂತ್ರಕೋಣೆ ಅವರೇ, ಅಂಚಿನ ಬಟ್ಟೆಯ ಏರ್ಪಾಡು ನಮ್ಮಲ್ಲಿದೆ, ಎರಡು ಪ್ರೊಜೆಕ್ಟರ್‌ಗಳೂ ಇವೆ. ಆದರೂ ಬಹುಪಾಲು ಚಿತ್ರಗಳು ಡಿಸಿಪಿಯಲ್ಲೇ ಬರುವಂತಿದೆ. ಹಕ್ಕುಗಳ ವಿಷಯ ಕುರೊಸಾವಾ ಚಿತ್ರಗಳಲ್ಲೂ ಒಂದೇ ಕಡೆ ಮುಗಿಯುವುದಿಲ್ಲ. ಬಹುತೇಕ ಚಿತ್ರಗಳು ತೊಹೊ ಸಂಸ್ಥೆಯವು, ಆದರೆ ‘ದಿ ಈಡಿಯಟ್’ ಮತ್ತು ‘ಸ್ಕ್ಯಾಂಡಲ್’ ಶೊಚಿಕು ಸಂಸ್ಥೆಗಾಗಿ ಮಾಡಿದವು. ‘ರಾಶೊಮಾನ್’ ತಯಾರಾದದ್ದು ದಾಯೆ ಸ್ಟುಡಿಯೊದಲ್ಲಿ, ಅದರ ಹಕ್ಕು ಈಗ ಕಾದೊಕಾವಾ ಸಂಸ್ಥೆಯದು. ಪ್ರದರ್ಶನದ ಹಕ್ಕು ಸಿಕ್ಕಿತೆಂದರೆ ಪ್ರಿಂಟ್ ಸಿಕ್ಕಿತೆಂದು ಅರ್ಥವಲ್ಲ, ಎರಡನ್ನೂ ಬೇರೆ ಬೇರೆಯಾಗಿ ಕೇಳಬೇಕಾಗುತ್ತದೆ. ‘ಎ ವೈಫ್ಸ್ ಹಾರ್ಟ್’ನಂಥ ಅಪರೂಪದ ಚಿತ್ರದ ಪ್ರಿಂಟಿಗಾಗಿ ಮೊದಲು ಜಪಾನಿನ ಸಾಂಸ್ಕೃತಿಕ ಸಂಸ್ಥೆಯಾದ ಜಪಾನ್ ಫೌಂಡೇಶನ್‌ನ ಸಂಗ್ರಹವನ್ನು ವಿಚಾರಿಸುತ್ತೇನೆ.

ಪಟ್ಟಿಯ ವಿಷಯಕ್ಕೆ ಬರುತ್ತೇನೆ. ಮೊದಲ ದಿನ ಜೋಡಿ ಪ್ರದರ್ಶನವಾದರೆ ಹತ್ತು ವಾರಗಳಲ್ಲಿ ಹನ್ನೊಂದು ಚಿತ್ರಗಳಿಗೆ ಜಾಗ ಸಿಗುತ್ತದೆ. ‘ರಾಶೊಮಾನ್’ ಬಿಟ್ಟು ‘ಎ ವೈಫ್ಸ್ ಹಾರ್ಟ್’ ಮತ್ತು ‘ಹೆಲ್ ಇನ್ ದಿ ಪೆಸಿಫಿಕ್’ ಸೇರಿಸುತ್ತೇನೆ. ಮೊದಲಸಾಲು ಅವರಿಗೆ ಇದರಿಂದ ಬೇಸರವಾಗುತ್ತದೆಂದು ಬಲ್ಲೆ. ಆದರೆ ತಾಜೊಮಾರುವಿನ ಆ ಪ್ರಾಣಿಸಹಜ ಚೈತನ್ಯ ಕಿಕುಚಿಯೊನಲ್ಲಿ ಇನ್ನಷ್ಟು ಬೆಳೆದು ಬರುತ್ತದೆ. ಉರಿಯುವ ಗಿರಣಿಯ ಮುಂದೆ ಅನಾಥ ಕೂಸನ್ನೆತ್ತಿಕೊಂಡು, ಈ ಮಗು ನಾನೇ, ನನಗೂ ಹೀಗೇ ಆಯಿತು ಎಂದು ಅವನು ಹೊಳೆಯಲ್ಲಿ ಕುಸಿದು ಕೂರುವಾಗ ಆ ಸಿಂಹದೊಳಗಿನ ಗಾಯವೂ ಕಾಣುತ್ತದೆ.

ನನ್ನ ಮಟ್ಟಿಗೆ ಈ ಪಟ್ಟಿಯ ನಡುಗಂಬ ‘ಹೈ ಆಂಡ್ ಲೋ’. 1963ರ ಈ ಚಿತ್ರದಲ್ಲಿ ಮಿಫುನೆ ಪಾದರಕ್ಷೆ ಕಂಪನಿಯೊಂದರ ನಿರ್ದೇಶಕ ಗೊಂಡೊ. ತನ್ನ ಮಗನೆಂದು ತಪ್ಪುತಿಳಿದು ಕಾರು ಚಾಲಕನ ಮಗನನ್ನು ಅಪಹರಿಸಿದವನಿಗೆ ತನ್ನೆಲ್ಲ ಆಸ್ತಿಯನ್ನು ಕೊಡಬೇಕೇ ಬೇಡವೇ ಎಂಬ ಇಕ್ಕಟ್ಟಿನಲ್ಲಿ, ಚಿತ್ರದ ಮೊದಲ ಭಾಗ ಹೆಚ್ಚುಕಡಿಮೆ ಪೂರ್ತಿ ಅವನ ಮನೆಯ ಒಂದೇ ಹಜಾರದಲ್ಲಿ ನಡೆಯುತ್ತದೆ. ಹಣದ ಚೀಲಗಳಲ್ಲಿ ಗುರುತಿನ ಪುಡಿಯನ್ನು ಅಡಗಿಸಿಡಬೇಕು ಎಂದು ಪೊಲೀಸರು ಹೇಳಿದಾಗ ಗೊಂಡೊ ತನ್ನ ಹಳೆಯ ಚಮ್ಮಾರಿಕೆಯ ಸಲಕರಣೆಗಳನ್ನು ತರಿಸಿ, ನೆಲದ ಮೇಲೆ ಕೂತು, ಚೀಲದ ಚರ್ಮವನ್ನು ತಾನೇ ಕೊಯ್ದು ಹೊಲಿಯುತ್ತಾನೆ. ಅದುವರೆಗೆ ಕೋಟು ತೊಟ್ಟು ಅಬ್ಬರಿಸುತ್ತಿದ್ದ ಶ್ರೀಮಂತ ಅಲ್ಲಿಂದ ಮುಂದೆ ಕಸುಬು ಬಲ್ಲ ಕೆಲಸಗಾರ. ಕೈ ಚರ್ಮವನ್ನು ಮುಟ್ಟುವ ರೀತಿಯಲ್ಲೇ ಅವನ ಹಿಂದಿನ ಬದುಕೆಲ್ಲ ತಿಳಿದುಹೋಗುತ್ತದೆ. ಸುತ್ತ ನಿಂತ ಪತ್ತೇದಾರರ ಮುಖದಲ್ಲಿ ಅವನ ಬಗ್ಗೆ ಗೌರವ ಮೂಡುವುದೂ ಆಗಲೇ. ಖಡ್ಗದ ಮಿಫುನೆ ಅವರನ್ನಷ್ಟೇ ಬಲ್ಲವರಿಗೆ ನಾನು ಮೊದಲು ತೋರಿಸಬಯಸುವುದು ಈ ಎರಡು ಕೈಗಳನ್ನು.

‘ರೆಡ್ ಬಿಯರ್ಡ್’ ಕುರೊಸಾವಾ ಅವರೊಂದಿಗಿನ ಕೊನೆಯ ಚಿತ್ರ, ಜೊತೆಗೆ ‘ಯೊಜಿಂಬೊ’ ಬಳಿಕ ವೆನಿಸ್‌ನ ಶ್ರೇಷ್ಠ ನಟ ಪ್ರಶಸ್ತಿಯನ್ನು ಎರಡನೆಯ ಸಲ ತಂದುಕೊಟ್ಟದ್ದು. ಅದರ ಮುಂದಿನ ವಾರವೇ ‘ಸಮುರಾಯ್ ರೆಬೆಲಿಯನ್’ ಬರುತ್ತದೆ. 1967ರಲ್ಲಿ ಮಸಾಕಿ ಕೊಬಾಯಾಶಿ ನಿರ್ದೇಶಿಸಿದ ಈ ಚಿತ್ರದ ನಿರ್ಮಾಣದಲ್ಲಿ ಮಿಫುನೆ ಅವರ ಸ್ವಂತ ಸಂಸ್ಥೆಯೇ ಪಾಲುದಾರ. ಒಡೆಯನ ಅನ್ಯಾಯವನ್ನು ನುಂಗುತ್ತಾ ಬಂದ ನಡುವಯಸ್ಸಿನ ಯೋಧ ಅದರಲ್ಲಿ ಬಹಳ ತಡವಾಗಿ ಖಡ್ಗ ತೆಗೆಯುತ್ತಾನೆ. ಕುರೊಸಾವಾ ಇಲ್ಲದೆಯೂ ಈ ನಟ ಎಷ್ಟು ಎತ್ತರ ನಿಲ್ಲಬಲ್ಲರು ಎಂಬ ಪ್ರಶ್ನೆಗೆ ಬೇರೆ ವಾದ ಬೇಕಿಲ್ಲ.

ಹಾಗಾಗಿ ಮೊದಲ ಜೋಡಿಯ ನಂತರ ಎಲ್ಲವೂ ಬಿಡುಗಡೆಯ ವರ್ಷದ ಕ್ರಮದಲ್ಲಿಯೇ ಸಾಗಲಿ: ‘ಸೆವೆನ್ ಸಮುರಾಯ್’, ‘ಎ ವೈಫ್ಸ್ ಹಾರ್ಟ್’, ‘ಥ್ರೋನ್ ಆಫ್ ಬ್ಲಡ್’, ‘ದಿ ರಿಕ್ಷಾ ಮ್ಯಾನ್’, ‘ಯೊಜಿಂಬೊ’, ‘ಹೈ ಆಂಡ್ ಲೋ’, ‘ರೆಡ್ ಬಿಯರ್ಡ್’, ‘ಸಮುರಾಯ್ ರೆಬೆಲಿಯನ್’, ಕೊನೆಗೆ ‘ಹೆಲ್ ಇನ್ ದಿ ಪೆಸಿಫಿಕ್’. ಕುರೊಸಾವಾ ಅವರವು ಈಗ ಹನ್ನೊಂದರಲ್ಲಿ ಏಳು. ಪ್ರತಿ ಪ್ರದರ್ಶನಕ್ಕೂ ಒಂದು ಪುಟದ ಟಿಪ್ಪಣಿಯನ್ನು ಮುಂಚಿತವಾಗಿಯೇ ಹಂಚುತ್ತೇವೆ. ಕಥೆಯ ಎಳೆ ಮೊದಲೇ ಗೊತ್ತಿದ್ದರೆ ಸಬ್‌ಟೈಟಲ್ ಮೇಲಿನ ಅವಲಂಬನೆ ಕಡಿಮೆಯಾಗುತ್ತದೆ. ನರುಸೆ ಮತ್ತು ಇನಾಗಾಕಿ ಚಿತ್ರಗಳ ಟಿಪ್ಪಣಿಯನ್ನು ನೆರಳುನೋಟ ಅವರೇ ಬರೆದುಕೊಟ್ಟರೆ ಉಪಕಾರವಾಗುತ್ತದೆ, ‘ಥ್ರೋನ್ ಆಫ್ ಬ್ಲಡ್’ಗೆ ಹಳೆಯರೀಲು ಅವರು ಬರೆಯಬೇಕೆಂದು ವಿನಂತಿ.

ಹಳೆಯರೀಲು:

ಬರೆದುಕೊಡುತ್ತೇನೆ. ಏಳು ಚಿತ್ರಗಳಿಗೆ ನನ್ನ ಒಪ್ಪಿಗೆಯಿದೆ. ‘ಸಮುರಾಯ್ ರೆಬೆಲಿಯನ್’ ಟಿಪ್ಪಣಿಯಲ್ಲಿ ತೊರು ತಕೆಮಿತ್ಸು ಅವರ ಸಂಗೀತದ ಬಗ್ಗೆ ಎರಡು ಸಾಲು ಸೇರಿಸಲು ಮರೆಯಬೇಡಿ.

ನೆರಳುನೋಟ:

ಎರಡೂ ಟಿಪ್ಪಣಿಗಳು ನನ್ನ ಹೊಣೆ. ಅವುಗಳಲ್ಲಿ ಕಥೆಯನ್ನು ಪೂರ್ತಿ ಬಿಟ್ಟುಕೊಡದೆ, ಯಾವ ದೃಶ್ಯದಲ್ಲಿ ಕಣ್ಣನ್ನು ಮುಖದ ಮೇಲೇ ಇಡಬೇಕು ಎಂಬುದನ್ನು ಸೂಚಿಸುತ್ತೇನೆ.

ಯಂತ್ರಕೋಣೆ:

ಕೊನೆಯ ಚಿತ್ರದ ಬಗ್ಗೆ ಒಂದು ಮಾತು. ‘ಹೆಲ್ ಇನ್ ದಿ ಪೆಸಿಫಿಕ್’ ಕೇಳುವಾಗ ಜಪಾನಿ ಮಾತುಗಳಿಗೆ ಸಬ್‌ಟೈಟಲ್ ಇಲ್ಲದ ಪ್ರತಿಯೇ ಬೇಕೆಂದು ವಿತರಕರಿಗೆ ಸ್ಪಷ್ಟವಾಗಿ ಬರೆದು ತಿಳಿಸಿ. ಡಿಸಿಪಿಯಲ್ಲಿ ಸಬ್‌ಟೈಟಲ್ ಬೇರೆ ಕಡತವಾಗಿದ್ದರೆ ಅದನ್ನು ಬಿಟ್ಟು ಓಡಿಸಬಹುದು. ಚಿತ್ರದ ಮೇಲೆಯೇ ಅಚ್ಚೊತ್ತಿಬಿಟ್ಟಿದ್ದರೆ ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಹಾಗಾಗಿ ಪ್ರತಿ ಕೈಸೇರಿದ ದಿನವೇ ಮೊದಲ ಹತ್ತು ನಿಮಿಷಗಳನ್ನು ಓಡಿಸಿ ನೋಡಿಬಿಡಿ; ಬೇರೆ ಪ್ರತಿ ತರಿಸಲು ಆಗ ಸಮಯವಿರುತ್ತದೆ.